ಕಂಬಿಯ ಹಿಂದೆ ಮೂರು ದಿನ: ಸಾಯಗಾಂವದಿಂದ ಶ್ರೀಶೈಲದ ಕಾಡುದಾರಿಗೆ

ನಾನು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಸಾಯಗಾಂವದವ. ಗಡಿ ಕಡೆಯ ಊರು. ನಮ್ಮ ಕನ್ನಡದಾಗ ಮರಾಠಿ ಎಷ್ಟು ಕೂಡೇದ ಅನ್ನೋದು ನಮಗೇ ಗೊತ್ತಾಗೋದಿಲ್ಲ. ಆಷಾಢ ಬಂತಂದ್ರೆ ಊರಿನ ಒಂದಿಷ್ಟು ಮಂದಿ ಪಂಢರಪುರದ ದಾರಿ ಹಿಡೀತಾರೆ. ಯುಗಾದಿ ಹತ್ತಿರ ಬಂತಂದ್ರೆ ಇನ್ನೊಂದಿಷ್ಟು ಮಂದಿ ಶ್ರೀಶೈಲದ ದಾರಿ. ಎರಡೂ ಕಡೆ ನಡೆದು ಹೋಗೋರೂ ಇದ್ದಾರೆ. ಅವರ ಕಾಲು ಯಾವ ಕಬ್ಬಿಣದ್ದೋ ಏನೋ.

ನಾನು ಎರಡೂ ಕಡೆ ಹೋದವನಲ್ಲ. ಪುಣೆಯಲ್ಲಿ ಕೆಲಸ. ಶನಿವಾರ, ರವಿವಾರ ಗೆಳೆಯರ ಜೊತೆ ಸಹ್ಯಾದ್ರಿಯ ಕೋಟೆಗಳಿಗೆ ಟ್ರೆಕ್ಕಿಂಗ್. ಒಳ್ಳೆ ಬೂಟು, ಕೈಗೆ ದಾರಿ ತೋರಿಸುವ ಗಡಿಯಾರ, ಎಲ್ಲಾ ಇತ್ತು. ತಲೆಯಲ್ಲಿ ಒಂದು ಹುಚ್ಚು: ಯಾವತ್ತಾದರೂ ಪೆರು ದೇಶಕ್ಕೆ ಹೋಗಿ ಇಂಕಾ ಟ್ರೇಲ್ ನಡೀಬೇಕು ಅಂತ. ನಾಲ್ಕು ದಿನ, 43 ಕಿಲೋಮೀಟರಿನ ಆಸುಪಾಸು, ನಡುವೆ 4,215 ಮೀಟರ್ ಎತ್ತರದ ಒಂದು ಕಣಿವೆ ದಾಟಿ, ನಾಲ್ಕನೇ ದಿನ ಬೆಳಿಗ್ಗೆ ಮಾಚು ಪಿಚು. ವಿಡಿಯೋಗಳನ್ನು ನೋಡಿ ನೋಡಿ ಆ ಮೆಟ್ಟಿಲುಗಳು ನನಗೆ ಬಾಯಿಪಾಠ ಆಗಿದ್ದವು. ವಿಮಾನದ ಟಿಕೆಟ್ ದರ ನೋಡಿದಾಗೆಲ್ಲ ಮುಂದಿನ ವರ್ಷ ಅಂತಿದ್ದೆ.

2024ರ ಯುಗಾದಿ ಏಪ್ರಿಲ್ 9ಕ್ಕೆ ಇತ್ತು. ಮಾರ್ಚ್ ತಿಂಗಳಲ್ಲಿ ಅವ್ವ ಫೋನ್ ಮಾಡಿ, "ಈ ಸಲ ನಾ ಮಲ್ಲಯ್ಯನ ಕಂಬಿ ಜೋಡಿ ನಡಕೋತ ಹೋಗ್ತೀನಿ. ನೀ ಬರ್ತಿದ್ರ ಬಾ, ಬರದಿದ್ರ ಬಿಡು" ಅಂದಳು. ಅವ್ವನಿಗೆ 61 ವರ್ಷ. ಮೊಣಕಾಲು ನೋವು. ಬಸ್ಸಿಗೆ ಹೋಗೋಣ ಅಂದೆ. ಅದಕ್ಕೆ ಅವಳು ಉತ್ತರನೇ ಕೊಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನನ್ನ ತಂಗಿ ತೀರಿಕೊಂಡು ಆಗ ಎರಡು ವರ್ಷ. ಮದುವೆಯಾದ ಮೇಲೆ ಪ್ರತಿ ಯುಗಾದಿಗೆ ತವರಿನಿಂದ ಅವಳಿಗೊಂದು ಸೀರೆ ಹೋಗುತ್ತಿತ್ತು. ತೀರಿಕೊಂಡ ಮೇಲೂ ಅವ್ವ ಸೀರೆ ತಗೊಳ್ಳೋದು ಬಿಟ್ಟಿರಲಿಲ್ಲ. ಎರಡು ಸೀರೆ ಟ್ರಂಕಿನಲ್ಲಿ ಹಾಗೇ ಕೂತಿದ್ದವು. ನಮ್ಮ ಕಡೆ ಶ್ರೀಶೈಲದ ಭ್ರಮರಾಂಬೆಯನ್ನು ಕನ್ನಡನಾಡಿನ ಮಗಳು ಅಂತಾರೆ. ಮಲ್ಲಯ್ಯ ಅಳಿಯ. ಯುಗಾದಿಗೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿನ, ಕುಂಕುಮ ಒಯ್ಯೋದು ತವರಿನವರ ಕೆಲಸ. ಮಜಾ ಅಂದ್ರೆ ಅಲ್ಲಿನ ಕಾಡಿನ ಚೆಂಚು ಜನಾನೂ ಮಲ್ಲಯ್ಯ ತಮ್ಮ ಅಳಿಯ ಅಂತಾರೆ, ತಮ್ಮ ಹುಡುಗಿಯನ್ನು ಮದುವೆಯಾದ ಚೆಂಚು ಮಲ್ಲಯ್ಯ ಅಂತ. ಒಬ್ಬನೇ ಅಳಿಯ, ಎರಡು ಬೀಗರ ಮನೆ. ಇರಲಿ. ಅವ್ವ ಆ ಎರಡೂ ಸೀರೆಗಳನ್ನು ನಡೆದು ಹೋಗಿ ಕೊಡಬೇಕು ಅಂತ ಮನಸ್ಸು ಮಾಡಿದ್ದಳು. ನಾನು ರಜೆ ಹಾಕಿದೆ.

ಈ ದಾರಿ ಯಾವುದು ಅಂತ ಮೊದಲು ಹೇಳಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಮನೆಯಿಂದಲೇ ನಡೆದು ಬರುವವರಿದ್ದಾರೆ, ವಾರಗಟ್ಟಲೆ. ಮರಗಾಲು ಕಟ್ಟಿಕೊಂಡು ಬರುವವರನ್ನೂ ನಾನು ನೋಡಿದೆ. ನಮ್ಮ ತಂಡದಲ್ಲಿ ವಯಸ್ಸಾದವರೇ ಹೆಚ್ಚು, ಅದಕ್ಕೆ ನಾವು ಕ್ರೂಸರ್ ಗಾಡಿಯಲ್ಲಿ ಹೈದರಾಬಾದ್, ಕರ್ನೂಲ್ ಮೇಲೆ ಆತ್ಮಕೂರಿನವರೆಗೆ ಹೋದೆವು. ಹತ್ತಿರದ ವೆಂಕಟಾಪುರದಿಂದ ನಲ್ಲಮಲ ಕಾಡು ಶುರು. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಮಠಂಬಾವಿ, ಭೀಮನ ಕೊಳ್ಳ, ಕೈಲಾಸ ಬಾಗಿಲು, ಕೊನೆಗೆ ಶ್ರೀಶೈಲ. ಸುಮಾರು 40 ಕಿಲೋಮೀಟರ್. ಹೆಚ್ಚು ಕಡಿಮೆ ಇಂಕಾ ದಾರಿಯಷ್ಟೇ! ಎತ್ತರದಲ್ಲಿ ಮಾತ್ರ ಹೋಲಿಕೆ ಇಲ್ಲ. ಶ್ರೀಶೈಲ ಊರು ಆ ಪೆರುವಿನ ಕಣಿವೆಯ ಎಂಟನೇ ಒಂದು ಭಾಗದಷ್ಟೂ ಎತ್ತರ ಇಲ್ಲ. ಅಲ್ಲಿ ಚಳಿ ಮತ್ತು ಉಸಿರು ಕೊಲ್ಲುತ್ತವೆ, ಇಲ್ಲಿ ಬಿಸಿಲು.

ಹಳೆತನದ ಮಾತು ಬಂದರೆ ನಮ್ಮದೇ ಒಂದು ಕೈ ಮೇಲೆ. ಮಾಚು ಪಿಚು ಕಟ್ಟಿದ್ದು 15ನೇ ಶತಮಾನದ ನಡುವಿನಲ್ಲಿ. ಶ್ರೀಶೈಲದ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ 14ನೇ ಶತಮಾನದವ. ಅಂದ್ರೆ ಇಂಕಾ ಅರಸರು ಆ ಬೆಟ್ಟದ ಮೇಲೆ ಕಲ್ಲು ಇಡುವುದಕ್ಕೆ ನೂರು ವರ್ಷ ಮೊದಲೇ ಇಲ್ಲಿ ಯಾತ್ರಿಕರು ಮೆಟ್ಟಿಲು ಹತ್ತುತ್ತಿದ್ದರು. ಅದಕ್ಕಿಂತಲೂ ಮೊದಲು, 12ನೇ ಶತಮಾನದಲ್ಲಿ, ನಮ್ಮ ಜಿಲ್ಲೆಯ ಕಲ್ಯಾಣದಿಂದಲೇ ಅಕ್ಕಮಹಾದೇವಿ ಶ್ರೀಶೈಲದ ಕದಳಿಗೆ ಹೊರಟಳು. ಆಗ ಮೆಟ್ಟಿಲೂ ಇರಲಿಲ್ಲ, ಮಜ್ಜಿಗೆ ಕೊಡುವ ಪೆಂಡಾಲೂ ಇರಲಿಲ್ಲ.

ನಮ್ಮ ಗೈಡ್ ಅಂದ್ರೆ ಕಂಬಿ ಹೊರುವ ಮುತ್ಯಾ. ಮೂವತ್ತಕ್ಕೂ ಹೆಚ್ಚು ಸಲ ಈ ದಾರಿ ನಡೆದವರು. ಕಂಬಿ ಅಂದ್ರೆ ಮಲ್ಲಯ್ಯನ ಹೆಸರಲ್ಲಿ ಹೆಗಲ ಮೇಲೆ ಹೊರುವ ಕೋಲು. ನಮ್ಮ ತಂಡದ ನೇಮ ಮೂರು. ಕಂಬಿ ನೆಲಕ್ಕೆ ತಾಕಬಾರದು. ಕಂಬಿಗಿಂತ ಮುಂದೆ ಯಾರೂ ಹೋಗಬಾರದು. ಬಿಸಿಲು ನೆತ್ತಿಗೆ ಬರುವ ಮೊದಲು ನೆರಳು ಹಿಡೀಬೇಕು. ಬೆಳಗಿನ ಮೂರಕ್ಕೆ ಎದ್ದು ನಡೆಯೋದು, ಒಂಬತ್ತಕ್ಕೆ ನಿಲ್ಲೋದು, ಸಂಜೆ ನಾಲ್ಕರ ಮೇಲೆ ಮತ್ತೆ ನಡೆಯೋದು. ಯುಗಾದಿ ಅಂದ್ರೆ ಅಮಾವಾಸ್ಯೆಯ ಮರುದಿನ. ಅದಕ್ಕೇ ಹಿಂದಿನ ರಾತ್ರಿಗಳಲ್ಲಿ ಬೆಳದಿಂಗಳು ಸಿಗೋದಿಲ್ಲ. ನಸುಕಿನಲ್ಲಿ ಒಂದು ಉಗುರಿನಷ್ಟು ಚಂದ್ರ ಬರ್ತಾನೆ, ಅಷ್ಟೇ. ಮುಂದೆ ಕಂಬಿಯ ಗೆಜ್ಜೆ ಸದ್ದು, ಹಿಂದೆ ಬ್ಯಾಟರಿ ಬೆಳಕು, ಎರಡೂ ಕಡೆ ಹುಲಿ ಕಾಡು. ಇದು ದೇಶದ ಬಹಳ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದು ಅನ್ನೋದು ಮರೀಬಾರದು.

ಮೊದಲ ದಿನ ನಾಗಲೂಟಿ. ಕಾಡಿನ ನಡುವೆ ಹಳೆಯ ಕಲ್ಲಿನ ವೀರಭದ್ರನ ಗುಡಿ. ಸಂಜೆ ಬೆಳಕಿನಲ್ಲಿ ಅದನ್ನು ನೋಡಿದಾಗ, ಇದಕ್ಕಿಂತ ಬೇರೆ ಏನನ್ನು ಹುಡುಕಿಕೊಂಡು ಪೆರುವಿಗೆ ಹೋಗಬೇಕಂತಿದ್ದೆ ಅನ್ನಿಸಿತು. ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದು ಬಂಡೆಯ ಮೇಲೆ ಮಲಗಿದೆವು.

ಎರಡನೇ ದಿನ ತಪ್ಪು ಮಾಡಿದವನು ನಾನು. ಮುತ್ಯಾ ಹೇಳಿದಂತೆ ಒಂಬತ್ತಕ್ಕೆ ಒಂದು ಆಲದ ಕೆಳಗೆ ಎಲ್ಲರೂ ಕೂತರು. ನಾನು ಗಡಿಯಾರ ನೋಡಿ, ಪೆಚ್ಚೆರುವು ಇನ್ನು ನಾಲ್ಕೇ ಕಿಲೋಮೀಟರ್, ಒಂದು ತಾಸಿನ ಮಾತು, ಅಲ್ಲಿ ನೀರೂ ಸಿಗ್ತದ, ಅವ್ವನಿಗೆ ಮಧ್ಯಾಹ್ನ ಪೂರ್ತಿ ಮಲಗೋಕೆ ಆಗ್ತದ ಅಂದೆ. ಮುತ್ಯಾ ಬೇಡ ಅಂದರು. "ತಮ್ಮಾ, ನಿನ್ನ ಗಡ್ಯಾಳಕ್ಕ ದಾರಿ ಗೊತ್ತದ, ಬಿಸಿಲು ಗೊತ್ತಿಲ್ಲ." ನನಗೆ ಸಿಟ್ಟು ಬಂತು. ಅಷ್ಟು ಕೋಟೆ ಹತ್ತಿದವ ನಾನು! ಅವ್ವನನ್ನು ಎಬ್ಬಿಸಿಕೊಂಡು ಹೊರಟೆ. ಮಗ ಕರೆದ ಅಂತ ಅವಳೂ ಬಂದಳು.

ಅರ್ಧ ತಾಸಿಗೆ ದಾರಿ ಒಂದು ಒಣ ಹಳ್ಳಕ್ಕೆ ಇಳಿಯಿತು. ಆಚೆ ದಂಡೆಯಲ್ಲಿ ಎರಡು ಕಾಲುದಾರಿ. ಗಡಿಯಾರದ ಬಾಣ ತೋರಿಸಿದ ಕಡೆ ಹೋದೆ. ಅದು ದನದ ದಾರಿ. ಅದು ಮುಗಿದ ಮೇಲೆ ಬರೀ ಬಿದಿರು, ಮುಳ್ಳು. ವಾಪಸ್ ಬರುವಾಗ ಹನ್ನೊಂದು ದಾಟಿತ್ತು. ಇದ್ದದ್ದು ಎರಡು ಬಾಟಲಿ ನೀರು, ಒಂದು ಮುಗಿದಿತ್ತು. ಅವ್ವ ಹಳ್ಳದ ಕಲ್ಲಿನ ಮೇಲೆ ಕೂತಳು. ನೀರು ಕೊಟ್ಟರೆ ವಾಂತಿ. ಮುಖ ಕೆಂಪಗೆ, ಮೈ ಕಾದ ಹಂಚು, ಬೆವರು ನಿಂತುಹೋಗಿತ್ತು. ಆಮೇಲೆ ನನ್ನ ಕಡೆ ನೋಡಿ ತಂಗಿಯ ಹೆಸರು ಹಿಡಿದು, "ಬಿಸಿಲಾಗ ಯಾಕ ನಿಂತಿ, ಒಳಗ ಬಾ" ಅಂದಳು.

ಆ ಕ್ಷಣ ನನ್ನ ಕೈ ಕಾಲು ಆಡಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕೂಗಿದೆ, ಬರೀ ಕೂಗಿದೆ.

ಬಂದವನು ಒಬ್ಬ ಚೆಂಚು ಮುದುಕ. ಹೆಗಲಲ್ಲಿ ಕೊಡಲಿ, ಸೊಂಟಕ್ಕೊಂದು ಪಂಚೆ. ನನಗೆ ತೆಲುಗು ಬರೋದು ಅಷ್ಟಕ್ಕಷ್ಟೆ. "ನೀಳ್ಳು, ನೀಳ್ಳು" ಅಂದೆ. ಅವನು ಅವ್ವನ ಹಣೆ ಮುಟ್ಟಿದ, ನನ್ನ ಕೈಯಲ್ಲಿದ್ದ ಬಾಟಲಿ ಕಸಿದು ಪೂರ್ತಿ ನೀರು ಅವಳ ತಲೆ, ಕುತ್ತಿಗೆ ಮೇಲೆ ಸುರಿದುಬಿಟ್ಟ. ಇದ್ದ ಒಂದು ಬಾಟಲಿ! ನಾನು ಬೈಯಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಹಳ್ಳದ ತಿರುವಿನಲ್ಲಿ ಒಂದು ಮರದ ಬುಡಕ್ಕೆ ಹೋಗಿ ಉಸುಕು ತೋಡೋಕೆ ಶುರು ಮಾಡಿದ್ದ. ಮೊಣಕೈ ಆಳ ಹೋದ ಮೇಲೆ ಉಸುಕು ಹಸಿ ಆಯಿತು, ಇನ್ನಷ್ಟು ತೋಡಿದರೆ ಒರತೆ. ಕಲಕು ನೀರು. ನನ್ನ ಟವೆಲ್ ಅದ್ದಿ ಅದ್ದಿ ಅವ್ವನ ಕುತ್ತಿಗೆಗೆ, ಕಂಕುಳಿಗೆ, ಅಂಗಾಲಿಗೆ ಇಟ್ಟೆವು. ಎಲೆ ಬೀಸಿದೆವು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ, ಗಡಿಯಾರ ನೋಡುವ ಮನಸ್ಸಿರಲಿಲ್ಲ. ಕೊನೆಗೆ ಅವ್ವ ನನ್ನ ಹೆಸರು ಕರೆದಳು. ತಂಗಿಯದ್ದಲ್ಲ, ನನ್ನದು. ಆಮೇಲೆ ಕೇಳಿದ ಮೊದಲ ಮಾತು, "ಸೀರಿ ಗಂಟು ಎಲ್ಲದ?"

ಬಿಸಿಲು ಇಳಿದ ಮೇಲೆ ಆ ಮುದುಕನೇ ದಾರಿ ತೋರಿಸಿಕೊಂಡು ಪೆಚ್ಚೆರುವಿಗೆ ಬಿಟ್ಟ. ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ನನ್ನ ಖಾಲಿ ಬಾಟಲಿಗಳನ್ನು ಮಾತ್ರ ಕೇಳಿ ಇಸಿದುಕೊಂಡ, ಜೇನಿಗೆ ಬೇಕು ಅಂತ.

ಮುತ್ಯಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾಸೋಹದವರ ಪೆಂಡಾಲಿನಿಂದ ಉಪ್ಪು ಹಾಕಿದ ಮಜ್ಜಿಗೆ ತಂದು ಅವ್ವನಿಗೆ ಕುಡಿಸಿದರು, ಅಲ್ಲಿನ ವೈದ್ಯರಿಗೆ ತೋರಿಸಿದರು. ಅವ್ವನನ್ನು ಗಾಡಿಯಲ್ಲಿ ಶ್ರೀಶೈಲಕ್ಕೆ ಕಳಿಸೋಣ ಅಂತ ನಾನು, ರಾತ್ರಿ ಮಲಗಿದ ಮೇಲೆ ನೋಡೋಣ ಅಂತ ಮುತ್ಯಾ. ಈ ಸಲ ನಾನು ಸುಮ್ಮನಿದ್ದೆ. ಒಂದು ದಿನ ಪೂರ್ತಿ ಅಲ್ಲೇ ಉಳಿದೆವು. ನಮ್ಮಿಬ್ಬರ ಸಲುವಾಗಿ ಇಡೀ ತಂಡ ಉಳಿಯಿತು. ಮೂರು ದಿನದ ದಾರಿ ನಾಲ್ಕು ದಿನ ಆಯಿತು. ಮರುದಿನ ನಸುಕಿನಲ್ಲಿ ಹೊರಡುವಾಗ ಮುತ್ಯಾ ಕಂಬಿ ತಂದು ನನ್ನ ಹೆಗಲ ಮೇಲಿಟ್ಟರು. "ಎಲ್ಲಾರಿಗಿಂತ ಮುಂದ ಹೋಗಬೇಕಂತಿದ್ದಿ ಅಲ್ಲ, ಹೋಗು. ಹಿಂದ ನಿಮ್ಮವ್ವನ ಹೆಜ್ಜಿ ಕೇಳಿಸೋವಷ್ಟೇ ದೂರ ಹೋಗು." ಭೀಮನ ಕೊಳ್ಳದವರೆಗೂ ನಾನೇ ಹೊತ್ತೆ. ಕಂಬಿಗೆ ಭಾರ ಅಂತ ಹೆಚ್ಚಿಗೇನೂ ಇಲ್ಲ. ಆದರೆ ಇಳಿಸೋ ಹಾಗಿಲ್ಲ, ಓಡೋ ಹಾಗಿಲ್ಲ.

ಭೀಮನ ಕೊಳ್ಳದಲ್ಲಿ ದಾರಿ ಆಳವಾದ ಕಮರಿಗೆ ಇಳಿದು ಮತ್ತೆ ಏರುತ್ತದೆ. ಆ ಏರಿನಲ್ಲೇ ಹಳೆಯ ಕಲ್ಲಿನ ಮೆಟ್ಟಿಲು, ಲಕ್ಷಾಂತರ ಪಾದ ತಿಕ್ಕಿ ನುಣುಪಾದದ್ದು. ಜನ ಮೆಟ್ಟಿಲಿಗೊಂದು ಸಲ ಮಲ್ಲಯ್ಯನನ್ನು ಕೂಗ್ತಾರೆ. ಮೇಲೆ ಕೈಲಾಸ ಬಾಗಿಲು. ಅವ್ವ ಕೂತು, ನಿಂತು, ಕೈಯೂರಿ ಹತ್ತಿದಳು. ನಾನು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು.

ಇನ್ನೊಂದು ಮಾತು ಹೇಳಲೇಬೇಕು. ಇಂಕಾ ದಾರಿಗೆ ದಿನಕ್ಕೆ 500 ಮಂದಿಗಷ್ಟೇ ಅನುಮತಿ, ಅದರಲ್ಲೇ ಅಡಿಗೆಯವರು, ಹೊರೆಯಾಳುಗಳು ಎಲ್ಲಾ ಬಂದರು. ಫೆಬ್ರವರಿಯಲ್ಲಿ ದಾರಿಯನ್ನೇ ಮುಚ್ಚಿ ದುರಸ್ತಿ ಮಾಡ್ತಾರೆ. ಗೈಡ್ ಇಲ್ಲದೆ ಒಳಗೆ ಬಿಡೋದಿಲ್ಲ. ನಮ್ಮಲ್ಲಿ ಯುಗಾದಿ, ಶಿವರಾತ್ರಿ ಹೊತ್ತಿಗೆ ಅರಣ್ಯ ಇಲಾಖೆ ದಾರಿ ತೆರೆಯುತ್ತದೆ. ಆಗ ಜನಸಾಗರ. ಅನ್ನ, ಅಂಬಲಿ ಕೊಡೋರು, ಗುಳ್ಳೆ ಎದ್ದ ಕಾಲಿಗೆ ಎಣ್ಣೆ ತಿಕ್ಕೋರು, ಎಲ್ಲಾ ಪುಣ್ಯವಂತರೇ. ಅದರ ಹಿಂದೆಯೇ ಪ್ಲಾಸ್ಟಿಕ್ ಲೋಟ, ಗುಟ್ಕಾ ಚೀಟಿ. ಹುಲಿ ಇರೋ ಕಾಡಿನಲ್ಲಿ! ದಿನಕ್ಕೆ ಇಷ್ಟೇ ಮಂದಿ ಅಂತ ಲೆಕ್ಕ ಇಡಬೇಕು, ಪ್ರತಿ ತಂಡಕ್ಕೂ ಒಬ್ಬ ಚೆಂಚು ದಾರಿಗಾರನನ್ನು ಕೂಲಿ ಕೊಟ್ಟು ಕಡ್ಡಾಯ ಮಾಡಬೇಕು ಅಂತ ನನ್ನ ಅಭಿಪ್ರಾಯ. ಮುತ್ಯಾಗೆ ಇದು ಸೇರೋದಿಲ್ಲ. "ಮಗಳ ಮನಿಗಿ ಹೋಗಾಕ ಚೀಟಿ ತಗೋಬೇಕೇನು?" ಅಂತಾರೆ. ವಾಪಸ್ ಬರುವಾಗ ಗಾಡಿಯಲ್ಲಿ ಕರ್ನೂಲಿನ ತನಕ ಇದೇ ಜಗಳ ಆಡಿದೆವು. ಇಬ್ಬರೂ ಸೋಲಲಿಲ್ಲ.

ಸೀರೆ ಕೊಟ್ಟದ್ದು ಎರಡೇ ನಿಮಿಷದ ಕೆಲಸ. ಹಿಂದೆ ನೂಕುನುಗ್ಗಲು. ಅವ್ವ ಒಂದೇ ಸೀರೆ ಕೊಟ್ಟಳು. ಇನ್ನೊಂದು ಯಾಕೆ ಕೊಡಲಿಲ್ಲ ಅಂತ ಹೊರಗೆ ಬಂದ ಮೇಲೆ ಕೇಳಿದೆ. "ಆ ಮುತ್ಯಾನ ಮನ್ಯಾಗ ಹೆಣ್ಣುಮಕ್ಕಳು ಇರ್ತಾರಲ್ಲೋ" ಅಂದಳು. ಚೆಂಚು ಮುದುಕನ ಮಾತು.

2025ರ ಯುಗಾದಿಗೆ ಮತ್ತೆ ಹೋದೆವು. ಒಂಬತ್ತಕ್ಕೆ ಆಲದ ಕೆಳಗೆ ಕೂತೆವು. ಪೆಚ್ಚೆರುವಿನಲ್ಲಿ ಅವನನ್ನು ವಿಚಾರಿಸಿದೆ. ಹೆಸರು ಕೇಳಿಟ್ಟುಕೊಂಡಿರಲಿಲ್ಲ, ಹೆಸರಿಲ್ಲದೆ ಹೇಗೆ ಕೇಳೋದು? ಹಳ್ಳದಲ್ಲಿ ಉಸುಕು ತೋಡಿ ನೀರು ಕೊಟ್ಟವನು ಅಂದರೆ, ಅಲ್ಲಿದ್ದವರು ನಕ್ಕರು. ಅದು ಅಲ್ಲಿ ಎಲ್ಲರೂ ಮಾಡೋ ಕೆಲಸ. ಅವ್ವ ಅಲ್ಲೇ ಒಬ್ಬ ಹುಡುಗಿಯ ಕೈಗೆ ಸೀರೆ ಇಟ್ಟು, ಹಣೆಗೆ ಕುಂಕುಮ ಹಚ್ಚಿ, ಕಂಬಿಯ ಹಿಂದೆ ಬಂದು ಸೇರಿಕೊಂಡಳು.