‘ಸಿಡೀತಿದೆ’ ಅಂದರೆ ಹೌಸ್ ಸರ್ಜನ್‌ಗೆ ತಿಳಿಯಬೇಡವೇ?

(ಶ್ರೀನಗರದಲ್ಲಿ ಸೇರಿದ್ದ ಕನ್ನಡ ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು. ಅಂಗಡಿ ಬೋರ್ಡಿನಲ್ಲಿ ಕನ್ನಡ ಎಲ್ಲಿ ಎಂದು ನಾವೆಲ್ಲ ಕೇಳಿದ್ದೇವೆ, ಕೇಳಲೇಬೇಕು. ಇವತ್ತು ನನ್ನ ಪ್ರಶ್ನೆ ಬೇರೆ. ಆಪರೇಷನ್ ಆಗಿ ಮಲಗಿದವನು ನರಳುತ್ತಾ ಆಡುವ ಕನ್ನಡ ಯಾರಿಗೆ ಅರ್ಥವಾಗುತ್ತಿದೆ?

ಚಾರ್ಲ್ಸ್ ಡಾರ್ವಿನ್ ಹೆಸರನ್ನು ನೀವು ಶಾಲೆಯಲ್ಲೇ ಓದಿದ್ದೀರಿ. ಆತ ಮೊದಲು ಡಾಕ್ಟರಾಗಲೆಂದು 1825ರಲ್ಲಿ ಎಡಿನ್‌ಬರೋಗೆ ಹೋದವನು. ಅಲ್ಲಿ ಎರಡು ಆಪರೇಷನ್ ನೋಡಿದ, ಅದರಲ್ಲಿ ಒಂದು ಮಗುವಿನದು. ಅರಿವಳಿಕೆ ಇಲ್ಲದ ಕಾಲ. ಮುಗಿಯುವ ಮೊದಲೇ ಹೊರಗೆ ಓಡಿಬಂದ. ಆ ನೆನಪು ಎಷ್ಟೋ ವರ್ಷ ಕಾಡಿತೆಂದು ವಯಸ್ಸಾದ ಮೇಲೆ ಬರೆದುಕೊಂಡಿದ್ದಾನೆ. ಕಲಿಯುವ ಹುಡುಗರಿಗೂ ಕರುಳಿದೆ, ಮಿತ್ರರೇ!

1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲೇ ಸಿಂಪ್ಸನ್ ಕ್ಲೋರೋಫಾರಂ ಬಳಸಿದ. ಆಪರೇಷನ್ ಕೋಣೆಯ ಚೀರಾಟ ನಿಂತಿತು. ಆದರೆ ನೋವು ಎಲ್ಲಿಗೆ ಹೋಯಿತು? ಅರಿವಳಿಕೆ ಇಳಿದ ಮೇಲೆ ವಾರ್ಡಿನಲ್ಲಿ ಎದ್ದು ಕೂತಿತು.

ಆ ವಾರ್ಡಿನಲ್ಲಿ ರಾತ್ರಿ ಯಾರಿರುತ್ತಾರೆ? ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ದೊಡ್ಡ ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿಯುವವರು ನರ್ಸಮ್ಮ, ಪಿಜಿ ಹುಡುಗರು, ಹೌಸ್ ಸರ್ಜನ್‌ಗಳು. ರೋಗಿಯ ನರಳಾಟ ಮೊದಲು ಬೀಳುವುದು ಇವರ ಕಿವಿಗೆ.

ನಗರದ ಒಂದು ಆಸ್ಪತ್ರೆ, ಹೆಸರು ಬೇಡ. ನನ್ನ ಭಾವಮೈದನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ರಾತ್ರಿ ಜೊತೆಗೆ ನಾನಿದ್ದೆ. ಪಕ್ಕದ ಹಾಸಿಗೆಯಲ್ಲಿ ಕನಕಪುರ ಕಡೆಯ ಅಜ್ಜ, ಹೊಟ್ಟೆ ಆಪರೇಷನ್ ಆಗಿ ನಾಲ್ಕು ದಿನ. ಹೌಸ್ ಸರ್ಜನ್ ಉತ್ತರದ ಕಡೆಯ ಹುಡುಗಿ. ‘ನೋವು ಇದೆಯಾ? ಹತ್ತಕ್ಕೆ ಎಷ್ಟು?’ ಎಂದಳು. ಅಜ್ಜ, ‘ಪರವಾಗಿಲ್ಲ ಕಣವ್ವ, ಗಾಯ ವಸಿ ಸಿಡೀತದೆ’ ಎಂದ. ಅವಳಿಗೆ ‘ಪರವಾಗಿಲ್ಲ’ ಮಾತ್ರ ತಿಳಿಯಿತು. ಬರೆದುಕೊಂಡು ಮುಂದಿನ ಹಾಸಿಗೆಗೆ ಹೊರಟಳು. ನಾನು ತಡೆದು, ನನಗೆ ಬಂದ ಹರಕುಮುರುಕು ಇಂಗ್ಲಿಷಿನಲ್ಲಿ ‘ಸಿಡಿತ’ದ ಅರ್ಥ ಹೇಳಿದೆ. ಅವಳ ಮುಖ ಬದಲಾಯಿತು. ಮೈ ಮುಟ್ಟಿದರೆ ಜ್ವರ! ಪಟ್ಟಿ ಬಿಚ್ಚಿದರೆ ಕೀವು! ಹಿರಿಯರನ್ನು ಓಡಿಹೋಗಿ ಕರೆತಂದಳು. ಆಮೇಲೆ ಕಾರಿಡಾರಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಹುಡುಗಿಯನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿರುವುದು 78 ಪದಗಳು, 20 ಗುಂಪುಗಳಲ್ಲಿ. ನೋವು ಎಷ್ಟು ಎಂಬುದರ ಜೊತೆಗೆ ಎಂಥದ್ದು ಎಂದೂ ತಿಳಿಯಬೇಕು, ಅದಕ್ಕೆ ರೋಗಿಯ ಮಾತೇ ದಾರಿ ಎಂಬುದು ಅದರ ತಿರುಳು. ನಮ್ಮಲ್ಲಿ ಪದಗಳಿಗೆ ಬರವೇ? ಚುಚ್ಚುತ್ತೆ, ಉರಿಯುತ್ತೆ, ಸೆಳೆಯುತ್ತೆ, ಹಿಂಡುತ್ತೆ, ಕಿವುಚುತ್ತೆ, ಸಿಡಿಯುತ್ತೆ, ಜೋಮು ಹಿಡಿದಿದೆ! ಪ್ಲಾಸ್ಟರ್ ಹಾಕಿದ ಕಾಲು ‘ಬಿಗೀತಿದೆ, ಜುಮ್ಮಂತಿದೆ’ ಎಂದರೆ ಒಳಗೆ ಒತ್ತಡ ಏರಿ ರಕ್ತದ ಓಡಾಟ ಕಟ್ಟಿರಬಹುದು. ಕೆಲವೇ ಗಂಟೆ ತಡವಾದರೂ ಕಾಲಿಗೇ ಸಂಚಕಾರ. ಪ್ರೂಫಿನಲ್ಲಿ ಒಂದು ಅಕ್ಷರ ತಪ್ಪಿದರೆ ನಾನು ಮತ್ತೆ ಅಚ್ಚು ಹಾಕಿಕೊಡಬಲ್ಲೆ. ಇಲ್ಲಿ ಒಂದು ಪದ ತಪ್ಪಿದರೆ ಯಾರು ಮತ್ತೆ ಅಚ್ಚು ಹಾಕುತ್ತಾರೆ?

ಸರ್ಕಾರಿ ಕಾಲೇಜುಗಳ ಎಂಬಿಬಿಎಸ್ ಸೀಟಿನಲ್ಲಿ ನೂರಕ್ಕೆ 15 ಅಖಿಲ ಭಾರತ ಕೋಟಾ. ಪಿಜಿಯಲ್ಲಿ 50. ಹೊರಗಿನವರು ಬರುತ್ತಾರೆ, ಓದಲಿ. ಆದರೆ ಕಲಿಯುವುದು ಯಾರ ಮೈಮೇಲೆ? ಸೂಜಿ ಹಾಕುವುದು, ಹೊಲಿಗೆ ಹಾಕುವುದು ನಮ್ಮ ಬಡ ರೋಗಿಯ ಮೈಮೇಲೇ ಕೈಗೆ ಹತ್ತಬೇಕು. ಮೈ ಕೊಟ್ಟವನ ಮಾತು ಕಲಿಯುವುದು ಉಪಕಾರವಲ್ಲ, ಋಣ. 2019ರ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಆರಂಭದಲ್ಲೇ ಸ್ಥಳೀಯ ಭಾಷೆಯ ಕಲಿಕೆಯನ್ನು ಸೇರಿಸಿದ್ದಾರೆ. ಒಳ್ಳೆಯದು. ಆದರೆ ಮೊದಲ ವರ್ಷ ಕಲಿತ ‘ಊಟ ಆಯ್ತಾ’ ಐದು ವರ್ಷದ ಮೇಲೆ ವಾರ್ಡಿನಲ್ಲಿ ಸಾಲದು. ಹೌಸ್ ಸರ್ಜನ್ ಆಗುವ ಮುಂಚೆ ನೋವಿನ ಕನ್ನಡದ ಪರೀಕ್ಷೆ ಇರಲಿ. ಇದು ನಮ್ಮ ಬೇಡಿಕೆಯಾಗಬೇಕು.

ಬೇಡಿಕೆ ಇಟ್ಟು ಸುಮ್ಮನೆ ಕೂರುವುದು ಬೇಡ. ನಾನು ಒಂದು ಕಾರ್ಡು ಅಚ್ಚು ಹಾಕಿದ್ದೇನೆ, ಅಂಗಿ ಜೇಬಿಗೆ ಹಿಡಿಸುವಷ್ಟು. ನೋವಿನ ಇಪ್ಪತ್ತು ಪದ ಕನ್ನಡದಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ, ಅರ್ಥ. ಅರ್ಥಗಳನ್ನು ಪರಿಚಯದ ಡಾಕ್ಟರೊಬ್ಬರು ತಿದ್ದಿಕೊಟ್ಟಿದ್ದಾರೆ. ದುಡ್ಡು ಬೇಡ. ಶ್ರೀನಗರದಿಂದ ಮಾರ್ಕೆಟ್ ಬಸ್ಸು ಹತ್ತಿದರೆ 1900ರಿಂದ ನಿಂತಿರುವ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. ಅಲ್ಲಿಂದಲೇ ಶುರುಮಾಡೋಣ. ಅನುಮತಿ ಕೇಳಿ, ಜಗಳವಿಲ್ಲದೆ, ಕಲಿಯುವ ಹುಡುಗ ಹುಡುಗಿಯರ ಕೈಗೆ ಕೊಡಿ. ಎರಡು ಪದ ಉಚ್ಚರಿಸಿ ತೋರಿಸಿ.

ಇನ್ನೊಂದು ಮಾತು. ನಿಮ್ಮ ಅಪ್ಪ, ಅಮ್ಮ, ಅಜ್ಜಿ ಆಸ್ಪತ್ರೆ ಸೇರಿದಾಗ ‘ಪರವಾಗಿಲ್ಲ’ ಅನ್ನಲು ಬಿಡಬೇಡಿ. ಎಲ್ಲಿ, ಎಂಥ ನೋವು, ಯಾವಾಗಿನಿಂದ ಎಂದು ಬಿಡಿಸಿ ಹೇಳಿಸಿ.

ಕಾರ್ಡಿನ ಕಟ್ಟು ಬಾಗಿಲ ಹತ್ತಿರ ಇಟ್ಟಿದ್ದೇನೆ. ಹೋಗುವಾಗ ಕೈಗೆ ಬಂದಷ್ಟು ತೆಗೆದುಕೊಂಡು ಹೋಗಿ.