ಎರಡು ಕೆಜಿ ಗುಜರಿ, ಒಂದು ಬ್ರೇಕು: ಅಜ್ಜನ ಪದ್ಮಿನಿಗೆ ಪಾರ್ಟ್ಸ್ ಹುಡುಕಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲಿ ಕೂತಿದ್ದೀರೋ, ಹಾಸ್ಟೆಲ್ ರೂಮಲ್ಲಿ ಮಲಗಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಒಂದು ಹದಿನೈದು ನಿಮಿಷ ನನಗೆ ಕೊಡಿ.

ಈ ಸಲ ಷೇರು ಮಾರ್ಕೆಟ್ ಇಲ್ಲ, ಸ್ಟಾರ್ಟಪ್ ಇಲ್ಲ. ಕಾರಿನ ಕಥೆ. ಕಾರು ಅಂದ್ರೆ ಸನ್‌ರೂಫ್ ಇರೋದಲ್ಲ. 1980ರ ಪ್ರೀಮಿಯರ್ ಪದ್ಮಿನಿ. ದಾವಣಗೆರೆಯ ನಮ್ಮನೆ ಶೆಡ್‌ನಲ್ಲಿ ಐದು ವರ್ಷದಿಂದ ನಿಂತಿತ್ತು. ಹತ್ತಿ ವ್ಯಾಪಾರ ಮಾಡ್ತಿದ್ದ ನಮ್ಮಜ್ಜ ತಗೊಂಡಿದ್ದು. ಅವರು ಕೊನೇವರೆಗೂ ಅದನ್ನ ಪದ್ಮಿನಿ ಅಂತ ಕರೀಲೇ ಇಲ್ಲ, ‘ಫಿಯಟ್ ಕಾರು’ ಅಂತಾನೇ ಅಂತಿದ್ರು. ಅದರಲ್ಲಿ ತಪ್ಪೇನಿಲ್ಲ. ಇಟಲಿಯ ಫಿಯಟ್ 1100 ಕಾರನ್ನ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ತಯಾರಿಸ್ತಿತ್ತು. ಎಪ್ಪತ್ತರ ದಶಕದಲ್ಲಿ ಹೆಸರು ಪದ್ಮಿನಿ ಅಂತ ಬದಲಾಯ್ತು. ಒಳಗಿನ ಇಂಜಿನ್ ಅದೇ 1089 ಸಿಸಿ, ನಾಲ್ಕು ಸಿಲಿಂಡರ್. ನಮ್ಮ ಕಾರಲ್ಲಿ ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇದೆ.

2020ರ ಶುರುವಿನಲ್ಲಿ ಅಪ್ಪ ಆರ್‌ಸಿ ರಿನ್ಯೂ ಮಾಡಿಸಿದ್ರು. ಆಮೇಲೆ ಲಾಕ್‌ಡೌನ್ ಬಂತು. ಶೆಡ್‌ಗೆ ಹೋದ ಕಾರು ಅಲ್ಲೇ ನಿಂತುಬಿಡ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಆಗ್ಬೇಕು. ಗಾಡಿಯನ್ನ ಆರ್‌ಟಿಒಗೆ ಒಯ್ದು ತೋರಿಸ್ಬೇಕು, ಅದು ಓಡ್ಬೇಕು, ನಿಲ್ಬೇಕು. ನಾನು ಈ ವಿಷಯ ಕೈಗೆತ್ತಿಕೊಂಡಾಗ ಉಳಿದಿದ್ದು ನಾಲ್ಕು ತಿಂಗಳು.

ವಿಂಟೇಜ್ ಅಂತ ರಿಜಿಸ್ಟ್ರೇಷನ್ ಮಾಡಿಸಬಹುದಲ್ವಾ ಅಂತ ಕೆಲವರು ಕೇಳ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಪ್ರತ್ಯೇಕ ನಿಯಮ ಮಾಡಿದೆ. ಆದ್ರೆ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಹಾಗೇ ಉಳಿದಿರಬೇಕು. ಅಂಥ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗೂ ಇಲ್ಲ. ನಮ್ಮದಕ್ಕೆ 50 ತುಂಬೋದು 2030ಕ್ಕೆ. ಹಾಗಾಗಿ ಆ ದಾರಿ ಇರಲಿಲ್ಲ.

ಗುಜರಿಯವರು 22 ಸಾವಿರಕ್ಕೆ ಕೇಳಿದ್ರು. ನಾನು ಬಿಕಾಂ ಓದಿದವನು, ಕೂತು ಲೆಕ್ಕ ಹಾಕಿದೆ. ಕಾರು ಒಂದು ಲಕ್ಷದ್ದು ಅಂತಲೇ ಇಟ್ಕೊಳ್ಳಿ. ವರ್ಷಕ್ಕೆ 15% ಡಿಪ್ರಿಸಿಯೇಷನ್, ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. 45 ವರ್ಷ ಆದ್ಮೇಲೆ ಪುಸ್ತಕದಲ್ಲಿ ಉಳಿಯೋ ಬೆಲೆ ಸುಮಾರು 67 ರೂಪಾಯಿ. 67 ರೂಪಾಯಿ ಆಸ್ತಿಗೆ 22 ಸಾವಿರ ಸಿಗ್ತಿದೆ ಅಂದ್ರೆ ಲಾಭವೇ ಅಲ್ವಾ ಅಂತ ಅಪ್ಪನ ಹತ್ರ ಹೇಳ್ದೆ. ನಮ್ಮಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಜಾಸ್ತಿ ಮಾತಾಡಲ್ಲ. ‘ನೀನು ಲೆಕ್ಕ ಸರಿ ಮಾಡಿದೀಯಪ್ಪಾ’ ಅಂದು ಪೇಪರ್ ಓದೋಕೆ ಶುರು ಮಾಡಿದ್ರು. ಆ ದನಿ ಕೇಳಿದ್ಮೇಲೆ ಮಾರೋ ಮಾತು ಮತ್ತೆ ಎತ್ತೋಕೆ ಆಗ್ಲಿಲ್ಲ.

ಸರಿ, ರಿಪೇರಿ ಮಾಡಿಸೋಣ ಅಂತ ಆಯ್ತು. ನಮ್ಮೂರಲ್ಲಿ ಫಿಯಟ್ ಬಿಚ್ಚಿ ಜೋಡಿಸೋಕೆ ಬರೋ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನ ಚಾಚಾ ಅಂತಾರೆ, ನಾನೂ ಹಾಗೇ ಕರೀತೀನಿ. ಬಾನೆಟ್ ಎತ್ತಿ, ಕೆಳಗೆ ತೂರಿ, ಎಲ್ಲ ನೋಡಿ ಒಂದು ಚೀಟಿ ಬರೆದುಕೊಟ್ರು. 31 ಐಟಂ. ‘ಕೆಲಸ ನಂದು, ಸಾಮಾನು ತರೋದು ನಿಂದು’ ಅಂದ್ರು.

ನಾನು ಚೀಟಿ ಫೋಟೋ ತೆಗೆದು ಎರಡು ಶಾಪಿಂಗ್ ಆ್ಯಪ್‌ನಲ್ಲಿ ಹುಡುಕಿದೆ. ಸಿಕ್ಕಿದ್ದು ಪದ್ಮಿನಿ ಬೊಂಬೆ ಕಾರು, 349 ರೂಪಾಯಿ.

ಪಾರ್ಟ್ಸ್ ಯಾಕೆ ಸಿಗಲ್ಲ ಅನ್ನೋದಕ್ಕೆ ಒಂದು ಸರಳ ಕಾರಣ ಇದೆ. ಈ ಕಾರಿನ ತಯಾರಿಕೆ ನಿಂತು ಸುಮಾರು 25 ವರ್ಷ ಆಯ್ತು. ಅಷ್ಟು ವರ್ಷವೂ ಪಾರ್ಟ್ಸ್ ಮಾರ್ಕೆಟ್ ಬದುಕಿದ್ದು ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಿಂದ. ಒಂದು ಕಾಲಕ್ಕೆ ಅಲ್ಲಿ ಹತ್ತಾರು ಸಾವಿರ ಪದ್ಮಿನಿ ಟ್ಯಾಕ್ಸಿ ಓಡ್ತಿದ್ವು. ದಿನಾ ಓಡೋ ಗಾಡಿಗೆ ದಿನಾ ಸಾಮಾನು ಬೇಕು. ಮುಂಬೈನಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇದೆ. 2023ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಡ್ತು. ಗಿರಾಕಿ ಹೋದ್ಮೇಲೆ ಅಂಗಡಿಯವನು ಸ್ಟಾಕ್ ಯಾಕೆ ಇಡ್ತಾನೆ? ಡಿಮ್ಯಾಂಡ್-ಸಪ್ಲೈ ಪಾಠ ನನಗೆ ಕಾಲೇಜಿಗಿಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಚೆನ್ನಾಗಿ ಅರ್ಥ ಆಯ್ತು. ಏಳು ಅಂಗಡಿ ಹತ್ತಿಳಿದೆ. ‘ಫಿಯಟ್‌ದಾ?’ ಅಂತ ಕೇಳಿ, ನನ್ನ ಮುಖ ನೋಡಿ, ನಗ್ತಿದ್ರು. ನಕ್ಕರೂ ಒಬ್ಬರು ಕೂರಿಸಿ ಟೀ ಕೊಡಿಸಿ ದಾರಿ ಹೇಳಿಕೊಟ್ರು.

ಅವರು ಹೇಳಿದ್ದು ಇಷ್ಟು: ‘ಕಾರಿನ ಹೆಸರು ಹೇಳಿ ಕೇಳ್ಬೇಡಿ. ಅಳತೆ ಹೇಳಿ ಕೇಳಿ.’

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹಳೇ ಬೈಕು, ಹಳೇ ಮಿಕ್ಸಿ, ಹಳೇ ಪಂಪ್‌ಸೆಟ್, ಎಲ್ಲದಕ್ಕೂ ಇದು ನಡೆಯುತ್ತೆ. ಬೇರಿಂಗ್ ತಗೊಳ್ಳಿ. ಅದರ ಮೈಮೇಲೆ ಒಂದು ನಂಬರ್ ಕೆತ್ತಿರುತ್ತೆ. ಉದಾಹರಣೆಗೆ 6203. ಅಂದ್ರೆ ಒಳಗಿನ ತೂತು 17 ಮಿಲಿಮೀಟರ್, ಹೊರಗಿನ ವ್ಯಾಸ 40, ದಪ್ಪ 12. ಯಾವ ಕಂಪನಿಯದಾದ್ರೂ ಅಷ್ಟೇ, ಯಾವ ದೇಶದಲ್ಲಾದ್ರೂ ಅಷ್ಟೇ. ಬೇರಿಂಗ್ ಅಂಗಡಿಯವನಿಗೆ ನಿಮ್ಮ ಕಾರು ಯಾವುದು ಅಂತ ಗೊತ್ತಾಗಬೇಕಾಗಿಯೇ ಇಲ್ಲ. ಆಯಿಲ್ ಸೀಲ್‌ಗೂ ಇದೇ ಥರ ಮೂರು ಅಳತೆ. ಬ್ರೇಕ್ ಒಳಗಿನ ರಬ್ಬರ್ ಕಪ್ ಕೂಡ ಬೋರ್ ಸೈಜ್ ಮೇಲೆ ಸಿಗುತ್ತೆ. ಒಂದು ವರ್ನಿಯರ್ ಕ್ಯಾಲಿಪರ್ ತಗೊಂಡೆ. 31 ಐಟಂನಲ್ಲಿ 12 ಐಟಂ ಹೀಗೆ ನಂಬರ್, ಅಳತೆ ಹಿಡಿದೇ ಸಿಕ್ಕಿಬಿಡ್ತು.

ಇನ್ನೊಂದಿಷ್ಟು ಐಟಂ ಹೊಸದು ಬೇಕಾಗಿಯೇ ಇರಲಿಲ್ಲ. ಕ್ಲಚ್ ಪ್ಲೇಟ್‌ಗೆ ಹೊಸ ಲೈನಿಂಗ್ ಹಾಕಿ ರಿವೆಟ್ ಹೊಡೆದು ಕೊಡೋರು ಇದ್ದಾರೆ. ಬ್ರೇಕ್ ಶೂಗೂ ಹಾಗೇ. ಹಿತ್ತಾಳೆ-ತಾಮ್ರದ ಹಳೇ ರೇಡಿಯೇಟರ್ ಸೋರಿದ್ರೆ ಬೆಸುಗೆ ಹಾಕಬಹುದು, ಇಲ್ಲಾ ಒಳಗಿನ ಕೋರ್ ಮಾತ್ರ ಬದಲಾಯಿಸಬಹುದು. ಡೈನಮೋ ರೀವೈಂಡಿಂಗ್ ಮಾಡಿಸಬಹುದು. ಗ್ಯಾಸ್ಕೆಟ್ ಶೀಟ್ ತಂದು, ಹಳೇದನ್ನ ಮೇಲಿಟ್ಟು ಗೆರೆ ಎಳೆದು ಕತ್ತರಿಸಬಹುದು. ಅದನ್ನ ನಾನೇ ಮಾಡಿದೆ. ಮೂರು ಶೀಟ್ ಹಾಳಾಯ್ತು, ನಾಲ್ಕನೇದು ಕೂತ್ಕೊಳ್ತು.

ನಾನು ಬುದ್ಧಿವಂತಿಕೆ ತೋರಿಸೋಕೆ ಹೋಗಿದ್ದೂ ಇದೆ. ಕಿಟಕಿ ಗಾಜು ಇಳಿಸೋ ಹಿಡಿಯ ಗುಂಡಿ ಒಡೆದಿತ್ತು. ಫ್ರೆಂಡ್ ಒಬ್ಬನ ಹತ್ರ 3ಡಿ ಪ್ರಿಂಟರ್ ಇದೆ, ಪ್ರಿಂಟ್ ಮಾಡಿಸಿದೆ. ನೋಡೋಕೆ ಒರಿಜಿನಲ್‌ಗಿಂತ ಚೆಂದ. ಇನ್‌ಸ್ಟಾದಲ್ಲಿ ಹಾಕಿದೆ, ಲೈಕ್ಸೂ ಬಂತು. ಏಪ್ರಿಲ್ ಬಿಸಿಲಲ್ಲಿ ಒಂದು ಮಧ್ಯಾಹ್ನ ಕಾರು ಹೊರಗಿತ್ತು. ಸಂಜೆ ನೋಡಿದ್ರೆ ಗುಂಡಿ ಮೇಣದ ಥರ ಬಾಗಿದೆ. ಅವನು ಬಳಸಿದ್ದು ಪಿಎಲ್‌ಎ. ಅದು 60 ಡಿಗ್ರಿ ಆಸುಪಾಸಲ್ಲೇ ಮೆತ್ತಗಾಗುತ್ತೆ. ದಾವಣಗೆರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಸಿಲು ನೇರ ಬೀಳೋ ಜಾಗ ಅಷ್ಟು ಸುಲಭವಾಗಿ ಕಾಯುತ್ತೆ. ಆಮೇಲೆ ಎಬಿಎಸ್‌ನಲ್ಲಿ ಮಾಡಿಸಿದೆ, ಅದು ನಿಂತಿದೆ.

ಗುಂಡಿ ಬಾಗಿದ್ರೆ ನಗಬಹುದು. ನಗೋಕೆ ಆಗದೇ ಇರೋ ಭಾಗಕ್ಕೆ ಈಗ ಬರ್ತೀನಿ.

ಬ್ರೇಕ್ ಮಾಸ್ಟರ್ ಸಿಲಿಂಡರ್. ನೀವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅನ್ನ ಒತ್ತಡದಲ್ಲಿ ನಾಲ್ಕೂ ಚಕ್ರಕ್ಕೆ ಕಳಿಸೋದು ಅದೇ. ಈಗಿನ ಕಾರುಗಳಲ್ಲಿ ಎರಡು ಸರ್ಕ್ಯೂಟ್ ಇರುತ್ತೆ, ಒಂದು ಹೋದ್ರೆ ಇನ್ನೊಂದು ಉಳಿಯುತ್ತೆ. ನಮ್ಮ ಕಾರಲ್ಲಿ ಇರೋದು ಒಂದೇ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಎಳ್ಕೊಳ್ಳೋ ಗುಣ ಇದೆ. ಐದು ವರ್ಷ ನಿಂತ ಕಾರು, ಒಳಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬಿದ್ದಿತ್ತು.

ಒಂದು ಅಂಗಡಿಯಲ್ಲಿ ಹೊಸದು ಸಿಕ್ತು. ‘ಹಳೇ ಸ್ಟಾಕ್, ಒರಿಜಿನಲ್’ ಅಂದ್ರು. ಡಬ್ಬಿ ಕೂಡ ಹಳೇದೇ ಇತ್ತು. 2,800 ರೂಪಾಯಿ. ಖುಷಿಯಲ್ಲಿ ತಗೊಂಡು ಬಂದೆ. ಹೊಸದು ಬಂತಲ್ಲ ಅಂತ ಹಳೇದನ್ನ ಬೇರೆ ಕಬ್ಬಿಣದ ಜೊತೆ ಗುಜರಿಗೆ ಹಾಕ್ದೆ. ಎರಡು ಕೆಜಿ, 60 ರೂಪಾಯಿ ಬಂತು.

ಒಂದು ಭಾನುವಾರ ಬೆಳಗ್ಗೆ ಅಪ್ಪ ಕಾರು ಹೊರಗೆ ತೆಗೆದ್ರು. ಪಕ್ಕದಲ್ಲಿ ಅಮ್ಮ. ನಾನು ಮುಂದೆ ನಿಂತು ಫೋನಲ್ಲಿ ವಿಡಿಯೋ ಮಾಡ್ತಿದ್ದೆ. ನಮ್ಮ ಬೀದಿ ಸ್ವಲ್ಪ ಇಳಿಜಾರು. ಅಪ್ಪ ಎರಡು ಸಲ ಬ್ರೇಕ್ ಒತ್ತಿ ನೋಡಿದ್ರು, ನಿಲ್ತು. ಮೂರನೇ ಸಲ ಪೆಡಲ್ ಮೆಲ್ಲಗೆ ನೆಲ ಮುಟ್ಟಿಬಿಡ್ತು. ಕಾರು ನಿಲ್ಲಲಿಲ್ಲ. ವಿಡಿಯೋದಲ್ಲಿ ಅಪ್ಪನ ಮುಖ ದೊಡ್ಡದಾಗ್ತಾ ಬರೋದು ಕಾಣುತ್ತೆ. ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ತಿರುಗಿಸಿ, ಪಕ್ಕದ ಮನೆ ಕಟ್ಟೋಕೆ ಹಾಕಿದ್ದ ಮರಳಿನ ಗುಡ್ಡೆಗೆ ನುಗ್ಗಿಸಿದ್ರು. ಯಾರಿಗೂ ಏನೂ ಆಗ್ಲಿಲ್ಲ. ಅಮ್ಮ ಇಳಿದು ಸೀದಾ ಮನೆಯೊಳಗೆ ಹೋದ್ರು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಒಂದೇ ಮಾತು ಅಂದ್ರು: ‘ಗುಜರಿಯವನಿಗೆ ಫೋನ್ ಮಾಡು.’

ಆ ವಿಡಿಯೋ ನಾನು ಎಲ್ಲೂ ಹಾಕಿಲ್ಲ.

ಚಾಚಾ ಆ ಹೊಸ ಸಿಲಿಂಡರ್ ಬಿಚ್ಚಿ ನನ್ನ ಕೈಗೆ ಕೊಟ್ರು. ಬೆರಳು ಒಳಗೆ ಹಾಕಿದ್ರೆ ಮರಳು ಕಾಗದ ಮುಟ್ಟಿದ ಹಾಗೆ ಒರಟು. ರಬ್ಬರ್ ಕಪ್‌ನ ಅಂಚು ಎರಡೇ ದಿನಕ್ಕೆ ಹರಿದಿತ್ತು. ‘ಡಬ್ಬಿ ಮಾತ್ರ ಒರಿಜಿನಲ್’ ಅಂದ್ರು. ಆಮೇಲೆ ಕೇಳಿದ್ರು: ‘ನಿಮ್ಮಜ್ಜನ ಕಾಲದ್ದು ಎಲ್ಲಪ್ಪಾ? ಅದರ ಬಾಡಿ ಚೆನ್ನಾಗಿತ್ತು. ಒಳಗೆ ಸ್ಲೀವ್ ಹಾಕಿಸಿದ್ರೆ ಆಗ್ತಿತ್ತು.’

ನಾನು ಗುಜರಿಗೆ ಓಡಿದೆ. ಒಂಬತ್ತು ದಿನ ಆಗಿತ್ತು. ಅಂಗಡಿಯಣ್ಣ ರಾಶಿ ತೋರಿಸಿ ‘ಹುಡುಕ್ಕೋ’ ಅಂದ್ರು. ಎರಡು ಗಂಟೆ ಹುಡುಕಿದೆ. ಸೈಕಲ್ ಚೈನು, ಗ್ರೈಂಡರ್ ಮೋಟಾರು, ಬಾವಿ ರಾಟೆ, ಇವುಗಳ ಕೆಳಗೆ ಸಿಕ್ತು. 60 ರೂಪಾಯಿಗೆ ಮಾರಿದ್ದಕ್ಕೆ 200 ಕೊಟ್ಟು ವಾಪಸ್ ತಗೊಂಡೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಷ್ಟ ಮಾಡ್ಕೊಂಡಿದ್ದಿಲ್ಲ.

ಅದನ್ನ ಹಿಡ್ಕೊಂಡು ಬೆಂಗಳೂರಿನ ಪೀಣ್ಯಕ್ಕೆ ಬಂದೆ. ಮೊದಲನೇ ಲೇತ್ ಶಾಪ್‌ನವರು ‘ಬ್ರೇಕ್ ಕೆಲಸ ನಾನು ಮಾಡಲ್ಲ, ನಾಳೆ ಏನಾದ್ರೂ ಆದ್ರೆ?’ ಅಂದ್ರು. ಬೇಜಾರಾಯ್ತು, ಆದ್ರೆ ಅವರ ಮಾತು ನ್ಯಾಯವೇ. ಎರಡನೆಯವರು ಆ ಮಾತು ಹೇಳ್ಲಿಲ್ಲ, ಬೇರೆ ಕೇಳಿದ್ರು: ‘ಪಿಸ್ಟನ್ ತಂದಿದೀರಾ? ಹೊಸ ರಬ್ಬರ್ ಕಪ್ ತಂದಿದೀರಾ?’ ಅವೆರಡನ್ನೂ ಅಳೆದೇ ಕೆಲಸ ಶುರು ಮಾಡೋದು ಅಂತ. ಹಳೇ ಬೋರ್ ಅನ್ನ ತುಕ್ಕಿನ ಗುಳಿ ಹೋಗೋವರೆಗೂ ದೊಡ್ಡದು ಮಾಡಿದ್ರು. ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಕಡೆದು ಒಳಗೆ ಬಿಗಿಯಾಗಿ ಕೂರಿಸಿದ್ರು. ಆಯಿಲ್ ಹೋಗೋ ಸಣ್ಣ ತೂತುಗಳನ್ನ ಅದೇ ಜಾಗದಲ್ಲಿ ಮತ್ತೆ ಕೊರೆದು, ಅಂಚು ನಯ ಮಾಡಿದ್ರು. ಆ ಅಂಚು ಚೂಪಾಗಿ ಉಳಿದ್ರೆ ರಬ್ಬರ್ ಕಪ್ ಹರಿಯುತ್ತೆ. ಕೊನೆಗೆ ಹೋನಿಂಗ್ ಮಾಡಿ ಮೂಲ ಅಳತೆಗೆ ತಂದ್ರು. ಸ್ಟೀಲ್ ಆದ್ದರಿಂದ ಮತ್ತೆ ತುಕ್ಕಿನ ಭಯ ಕಮ್ಮಿ. 1,900 ರೂಪಾಯಿ.

ಜೋಡಿಸುವಾಗ ಚಾಚಾ ಒಂದು ವಿಷಯ ಹೇಳಿದ್ರು, ನೆನಪಿಟ್ಕೊಳ್ಳಿ. ಬ್ರೇಕ್ ರಬ್ಬರ್ ಅನ್ನ ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೀಬಾರದು. ಇಂಜಿನ್ ಆಯಿಲ್ ಕೂಡ ತಾಗಬಾರದು. ಉಬ್ಬಿಕೊಂಡು ಕೈ ಕೊಡುತ್ತೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೀಬೇಕು. ಬ್ರೇಕ್ ಹೋಸ್, ಸ್ಟೀರಿಂಗ್ ಜಾಯಿಂಟ್ ಇವನ್ನ ಸೆಕೆಂಡ್‌ಹ್ಯಾಂಡ್ ತರಬೇಡ ಅಂತಲೂ ಅಂದ್ರು. ಚೆನ್ನೈನ ಪುದುಪೇಟೆಯಲ್ಲಿ ಬಾಗಿಲ ಹಿಡಿ, ಟೈಲ್ ಲ್ಯಾಂಪ್ ಹುಡುಕಿ ತಂದೆ, ಅವು ಹಳೇವಾದ್ರೂ ನಡೆಯುತ್ತೆ. ಪೆಟ್ರೋಲ್ ಪೈಪು, ಫ್ಯುಯಲ್ ಪಂಪ್‌ನ ಡಯಾಫ್ರಾಮ್ ಕೂಡ ಹೊಸ ರಬ್ಬರ್‌ನವೇ ಹಾಕಿದ್ವಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲ್‌ನಲ್ಲಿ 20% ಎಥನಾಲ್ ಇರುತ್ತೆ, ಹಳೇ ರಬ್ಬರ್ ಅದಕ್ಕೆ ತಡೆಯಲ್ಲ.

ಆಮೇಲೆ ಪರೀಕ್ಷೆ. ಪೆಡಲ್ ಮತ್ತು ಸೀಟಿನ ಮಧ್ಯೆ ಒಂದು ಮರದ ತುಂಡು ಸಿಕ್ಕಿಸಿ, ಒತ್ತಿದ ಸ್ಥಿತಿಯಲ್ಲೇ ಇಡೀ ರಾತ್ರಿ ಬಿಟ್ರು. ಬೆಳಗ್ಗೆ ಮರ ಬಿದ್ದಿರಲಿಲ್ಲ, ಕೆಳಗೆ ಒಂದು ಹನಿಯೂ ಇರಲಿಲ್ಲ. ಆಮೇಲೆ ಖಾಲಿ ಮೈದಾನದಲ್ಲಿ ಇಪ್ಪತ್ತರ ವೇಗದಲ್ಲಿ ಹತ್ತು ಸಲ, ನಲವತ್ತರಲ್ಲಿ ಹತ್ತು ಸಲ. ಚಾಚಾ ಒಬ್ಬರೇ ಓಡಿಸಿದ್ರು, ಯಾರನ್ನೂ ಹತ್ತಿಸ್ಲಿಲ್ಲ.

ಆರ್‌ಟಿಒ ದಿನ ಇನ್‌ಸ್ಪೆಕ್ಟರ್ ‘ಬ್ರೇಕ್ ಹೊಡೀರಿ’ ಅಂದಾಗ ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಕಾರು ನಿಂತಿತ್ತು. ಐದು ವರ್ಷಕ್ಕೆ ಆರ್‌ಸಿ ಸಿಕ್ತು.

ಒಟ್ಟು ಖರ್ಚು 1,14,600. ಪುಸ್ತಕದ ಬೆಲೆ 67. ಈ ಲೆಕ್ಕ ಅಪ್ಪನಿಗೆ ತೋರಿಸಿದೆ. ‘ಲೆಕ್ಕ ಬರೆಯೋನು ನೀನು, ಬ್ರೇಕ್ ಒತ್ತೋನು ನಾನು’ ಅಂದ್ರು. ಅಮ್ಮ ಮೂರು ವಾರ ಕಾರು ಹತ್ತಲಿಲ್ಲ. ಹೋದ ತಿಂಗಳು ಹರಿಹರದಲ್ಲಿ ಒಂದು ಮದುವೆ ಇತ್ತು. ಆವತ್ತು ಅಮ್ಮನೇ ಹೋಗಿ ಮುಂದಿನ ಸೀಟಲ್ಲಿ ಕೂತ್ರು. ಇಳಿಜಾರು ಬರೋವರೆಗೂ ಡ್ಯಾಶ್‌ಬೋರ್ಡ್ ಗಟ್ಟಿಯಾಗಿ ಹಿಡ್ಕೊಂಡಿದ್ರು. ಕಾರು ನಿಂತ್ಮೇಲೆ ಕೈ ಬಿಟ್ರು.

31ರಲ್ಲಿ ಒಂದು ಐಟಂ ಇನ್ನೂ ಸಿಕ್ಕಿಲ್ಲ. ಪೆಟ್ರೋಲ್ ಟ್ಯಾಂಕಿನ ಗೇಜ್ ಯೂನಿಟ್. ಮುಳ್ಳು ಯಾವಾಗಲೂ ಖಾಲಿ ಅಂತಾನೇ ತೋರಿಸುತ್ತೆ. ಅಪ್ಪ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಒಂದು ಡೈರಿ ಇಟ್ಟಿದ್ದಾರೆ. ಎಷ್ಟು ಹಾಕಿಸಿದ್ರು, ಎಷ್ಟು ಕಿಲೋಮೀಟರ್ ಆಯ್ತು, ಎಲ್ಲ ಬರೀತಾರೆ.

ಕೊನೆಗೆ ಒಂದು ಮನವಿ. ನಿಮ್ಮ ಮನೆ ಅಟ್ಟದ ಮೇಲೆ, ಹಳೇ ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬಿ ಇದ್ರೆ, ಗುಜರಿಗೆ ಹಾಕೋ ಮೊದಲು ಒಳಗೇನಿದೆ ಅಂತ ಒಂದು ಫೋಟೋ ತೆಗೀರಿ, ಗೊತ್ತಿರೋ ಮೆಕ್ಯಾನಿಕ್‌ಗೆ ತೋರಿಸಿ. ನಿಮಗೆ ಕೆಜಿ ಲೆಕ್ಕದ ಕಬ್ಬಿಣ, ಅದಕ್ಕಾಗಿ ಯಾರೋ ಊರೂರು ಅಲೀತಿರಬಹುದು.

ಫಿಯಟ್ ಗೇಜ್ ಯೂನಿಟ್ ಏನಾದ್ರೂ ಕಣ್ಣಿಗೆ ಬಿದ್ರೆ ಮಾತ್ರ ಮೊದಲು ನನಗೇ ಹೇಳಿ. ಮತ್ತೆ ಸಿಗೋಣ, ನಮಸ್ಕಾರ.