ಬೆಳಕು ಮೆಲ್ಲನೆ ಮೂಡಲಿ
(ಶತಮಾನೋತ್ಸವದ ಯುವಜನ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ಕ್ರಿಸ್ತಜಯಂತಿಗೆ ನಮ್ಮ ಯುವಜನರು ಗಂಟೆಗೋಪುರದ ದೀಪಾಲಂಕಾರವನ್ನು ‘ಎಕ್ಸ್‌ಲೈಟ್ಸ್’ ಎಂಬ ಉಚಿತ ತಂತ್ರಾಂಶದಿಂದ ನಡೆಸಲಿದ್ದಾರೆ. ದೀಪಗಳು ಥಟ್ಟನೆ ಮಿಂಚಬೇಕೋ, ಮೆಲ್ಲನೆ ಮೂಡಬೇಕೋ ಎಂಬ ಚರ್ಚೆ ಅವರಲ್ಲಿ ನಡೆದಿದೆ. ನಾವು ಎರಡನೆಯ ಪಕ್ಷದವರು.

ಕಾರಣ ಕೇವಲ ಅಂದವಲ್ಲ. ಪಟಪಟನೆ ಮಿಂಚುವ ಬೆಳಕು ಮೂರ್ಛೆರೋಗವುಳ್ಳ ಕೆಲವರಲ್ಲಿ ಸೆಳವನ್ನು ತರಬಲ್ಲುದು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿಂಚಿಸಬಾರದೆಂಬ ಮಿತಿ ಜಾಲತಾಣಗಳ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿದೆ. ನಮ್ಮ ಅಂಗಳಕ್ಕೂ ಅದು ಸಲ್ಲಬೇಕು. ಗೋದಲಿ ನೋಡಲು ಬಂದ ಒಂದು ಮಗುವಿಗೂ ನಮ್ಮ ಸಂಭ್ರಮ ಕೇಡಾಗಬಾರದು.

ಮೆಲ್ಲನೆ ಮೂಡಿಸುವುದಕ್ಕೂ ವಿವೇಕ ಬೇಕು. ದೀಪದ ಪ್ರಖರತೆಗೆ 0ಯಿಂದ 255ರವರೆಗೆ 256 ಮೆಟ್ಟಿಲುಗಳು. ಸೆಕೆಂಡಿಗೆ 40 ಚೌಕಟ್ಟುಗಳಂತೆ 4 ಸೆಕೆಂಡುಗಳ ಏರಿಕೆಗೆ 160 ಚೌಕಟ್ಟುಗಳು ದೊರೆಯುತ್ತವೆ. ಅವುಗಳಲ್ಲಿ ಸಮಸಮನಾಗಿ ಏರಿಸಿದರೆ ಬೆಳಕು ಮೊದಲಲ್ಲಿ ನೆಗೆದಂತೆಯೂ ಕೊನೆಯಲ್ಲಿ ನಿಂತಂತೆಯೂ ತೋರುತ್ತದೆ. ಏಕೆಂದರೆ ಮಂದ ಬೆಳಕಿನ ಅಲ್ಪ ವ್ಯತ್ಯಾಸವನ್ನೇ ನಮ್ಮ ಕಣ್ಣು ಚೆನ್ನಾಗಿ ಗ್ರಹಿಸುತ್ತದೆ. ಆದುದರಿಂದ ಮೊದಲು ಕಿರುಹೆಜ್ಜೆ, ಅನಂತರ ದೊಡ್ಡ ಹೆಜ್ಜೆ. ಇದಕ್ಕೆ ‘ಗಾಮಾ’ ತಿದ್ದುಪಡಿಯೆಂದು ಹೆಸರು.

ಪಾಸ್ಖ ಜಾಗರಣೆಯ ರಾತ್ರಿ ಕತ್ತಲ ದೇವಾಲಯದೊಳಗೆ ಒಂದೇ ದೀಪ ಬರುತ್ತದೆ. ಅದರಿಂದ ಕೈಯಿಂದ ಕೈಗೆ ಬೆಳಕು ಹಬ್ಬುತ್ತದೆ. ಧರ್ಮಸಭೆ ನಮಗೆ ಕಲಿಸಿರುವ ಕ್ರಮವೂ ಇದೇ. ಮಧ್ಯರಾತ್ರಿಯ ಬಲಿಪೂಜೆಗೆ ಗಂಟೆ ಮೊಳಗಿದಾಗ ಗೋಪುರದ ದೀಪಗಳು ಮೆಲ್ಲನೆ ಇಳಿಯಲಿ. ನಮ್ಮೆಲ್ಲರ ಕಣ್ಣುಗಳು ಬಲಿಪೀಠದತ್ತ ತಿರುಗಲಿ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.